ಒಂದೇ ಒಂದು ಪಾಯಿಂಟ್: 2015ರ ಫೈನಲ್ ಇಟ್ಕೊಂಡು ರಗ್ಬಿ ಲೀಗ್ ಅರ್ಥ ಮಾಡ್ಕೊಳ್ಳೋಣ

2025ರ ಅಕ್ಟೋಬರ್ 5, ಭಾನುವಾರ, ದಸರಾ ಮುಗಿದು ಮೂರೇ ದಿನ ಆಗಿತ್ತು. ಬ್ರಿಸ್ಬೇನ್‌ನಲ್ಲಿರೋ ನನ್ನ ಚಿಕ್ಕಮ್ಮನ ಮಗ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಹಾಕ್ದ, ಅದ್ರಲ್ಲಿ ದಪ್ಪ ದಪ್ಪ ಆಳುಗಳು ಒಬ್ಬರ ಮೇಲೊಬ್ಬರು ಬಿದ್ದು ಎದ್ದು ಅಳ್ತಾ ಇದ್ರು, ಇವನೂ ಟಿವಿ ಮುಂದೆ ನಿಂತು ಕಿರುಚ್ತಾ ಇದ್ದ. ದೊಡ್ಡಪ್ಪ ಕೇಳಿದ್ರು, "ಏನಪ್ಪಾ ಇದು, ಕಬಡ್ಡೀನಾ ಕುಸ್ತೀನಾ?" ಅಂತ. ಅವನು, "ದೊಡ್ಡಪ್ಪ, ನಮ್ ಟೀಮು 19 ವರ್ಷ ಆದ್ಮೇಲೆ ಕಪ್ ಗೆದ್ದಿದೆ, ಜೂನಲ್ಲಿ ಆರ್‌ಸಿಬಿ ಗೆದ್ದಾಗ ನೀವು ಹೆಂಗಿದ್ರಿ ಹೇಳಿ" ಅಂತ ರಿಪ್ಲೈ ಮಾಡ್ದ. ಅದಾದ್ಮೇಲೆ ಗ್ರೂಪಲ್ಲಿ ಪ್ರಶ್ನೆಗಳ ಮಳೆ: ಬಾಲ್ ಯಾಕೆ ಮೊಟ್ಟೆ ತರ ಇದೆ, ಹಿಂದಕ್ಕೆ ಯಾಕೆ ಎಸೀತಾರೆ, ಬಿದ್ದೋನನ್ನ ಬಿಟ್ಟು ಎಲ್ರೂ ಹಿಂದೆ ಯಾಕೆ ಓಡ್ತಾರೆ, ನಮ್ ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಡಿದ್ದು ಇದೇ ಆಟಾನಾ?

ಅವತ್ತಿಂದ ನಾನು ಈ ಆಟ ವಿವರಿಸೋಕೆ ಹೋದಾಗೆಲ್ಲ ಕೊನೆಗೆ ಬಂದು ನಿಲ್ಲೋದು ಒಂದೇ ಮ್ಯಾಚಿಗೆ. ಅದು 2025ರದ್ದಲ್ಲ, ಅದಕ್ಕಿಂತ ಹತ್ತು ವರ್ಷ ಹಿಂದಿನದು, 2015ರ ಆಸ್ಟ್ರೇಲಿಯಾ ನ್ಯಾಷನಲ್ ರಗ್ಬಿ ಲೀಗ್ ಫೈನಲ್. ಅದರ ಕೊನೆ ಕೆಲವು ನಿಮಿಷ ಅರ್ಥ ಆದ್ರೆ ಆಟದ ಮುಖ್ಯ ರೂಲ್‌ಗಳೆಲ್ಲ ಅರ್ಥ ಆದಂಗೆ, ಯಾಕಂದ್ರೆ ಇರೋ ರೂಲೆಲ್ಲ ಅವತ್ತು ಒಂದರ ಹಿಂದೊಂದು ಬಂದು ಬಾಗಿಲು ತಟ್ಟಿದ್ವು.

ರಗ್ಬಿ ಅಂದ್ರೆ ಒಂದಲ್ಲ, ಎರಡು

ಮೊದ್ಲು ಈ ಗೊಂದಲ ತೀರಿಸ್ಕೊಳ್ಳೋಣ. ರಗ್ಬಿ ಯೂನಿಯನ್ ಬೇರೆ, ರಗ್ಬಿ ಲೀಗ್ ಬೇರೆ. ಇಲ್ಲಿ ಲೀಗ್ ಅಂದ್ರೆ ಐಪಿಎಲ್ ತರ ಟೂರ್ನಮೆಂಟ್ ಅಲ್ಲ, ಅದು ಆಟದ ಹೆಸರೇ. ಯೂನಿಯನ್‌ನಲ್ಲಿ ಒಂದು ಟೀಮಿಗೆ 15 ಜನ, ಲೀಗ್‌ನಲ್ಲಿ 13. 2025ರ ಜೂನ್‌ನಲ್ಲಿ ಮುಂಬೈಲಿ ಆರು ಟೀಮಿನ ರಗ್ಬಿ ಪ್ರೀಮಿಯರ್ ಲೀಗ್ ನಡೀತಲ್ಲ, ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಡಿದ್ದು, ಅದು ಯೂನಿಯನ್‌ನ ಏಳೇಳು ಜನರ ಚಿಕ್ಕ ರೂಪ, ಒಲಿಂಪಿಕ್ಸಲ್ಲಿ ಇರೋದೂ ಅದೇ. ಹೆಸರಲ್ಲಿ "ರಗ್ಬಿ"ನೂ ಇದೆ "ಲೀಗ್"ಉ ಇದೆ, ಆದ್ರೂ ಅದು ರಗ್ಬಿ ಲೀಗ್ ಅಲ್ಲ. ತಲೆ ಕೆಡೋದು ಇಲ್ಲೇ.

ಇಬ್ಭಾಗ ಆಗಿದ್ದು ದುಡ್ಡಿನ ವಿಷಯಕ್ಕೆ. 19ನೇ ಶತಮಾನದ ಕೊನೇಲಿ ಉತ್ತರ ಇಂಗ್ಲೆಂಡಲ್ಲಿ ರಗ್ಬಿ ಆಡ್ತಿದ್ದೋರು ಬಹಳಷ್ಟು ಮಂದಿ ಗಣಿ, ಗಿರಣಿ ಕಾರ್ಮಿಕರು. ಶನಿವಾರ ಮ್ಯಾಚಿಗೆ ಹೋದ್ರೆ ಅವತ್ತಿನ ಕೂಲಿ ಹೋಯ್ತು. ಆ ಕೂಲಿ ನಷ್ಟಾನಾದ್ರೂ ತುಂಬಿ ಕೊಡ್ತೀವಿ ಅಂತ ಅಲ್ಲಿನ ಕ್ಲಬ್‌ಗಳು ಹೇಳಿದ್ವು, ಆಟಕ್ಕೆ ದುಡ್ಡು ಮುಟ್ಟಬಾರದು ಅಂತ ಆಟ ನಡೆಸ್ತಿದ್ದ ದೊಡ್ಡೋರು ಪಟ್ಟು ಹಿಡಿದ್ರು. 1895ರ ಆಗಸ್ಟ್ 29ಕ್ಕೆ ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಲ್ಲಿ ಉತ್ತರದ ಕ್ಲಬ್‌ಗಳು ಸೇರಿ ಬೇರೆ ಮನೆ ಮಾಡ್ಕೊಂಡ್ವು. ಅಣ್ತಮ್ಮಂದ್ರು ಆಸ್ತಿ ಪಾಲು ಮಾಡ್ಕೊಂಡಂಗೆ. ಟಿಕೆಟ್ ಕೊಂಡು ಬರೋ ಜನಕ್ಕೆ ಆಟ ಜೋರಾಗಿ ಕಾಣ್ಬೇಕು ಅಂತ ಆಮೇಲೆ ಆಟಗಾರರನ್ನ 13ಕ್ಕೆ ಇಳಿಸಿದ್ರು, ಗುಂಪಾಗಿ ತಳ್ಳಾಡ್ಕೊಂಡು ನಿಲ್ಲೋದನ್ನ ಕಮ್ಮಿ ಮಾಡಿದ್ರು. 1908ಕ್ಕೆ ಸಿಡ್ನಿಲಿ ಇದರ ಟೂರ್ನಮೆಂಟ್ ಶುರುವಾಯ್ತು, ಇವತ್ತು ಸಿಡ್ನಿ, ಬ್ರಿಸ್ಬೇನ್ ಕಡೆ ಚಳಿಗಾಲ ಅಂದ್ರೆ ಇದೇ ಆಟ. ಯೂನಿಯನ್‌ನೋರು ದುಡ್ಡು ಕೊಡೋಕೆ ಅಧಿಕೃತವಾಗಿ ಒಪ್ಪಿದ್ದು ಯಾವಾಗ ಗೊತ್ತಾ, 1995ರಲ್ಲಿ, ಸರಿಯಾಗಿ ನೂರು ವರ್ಷ ಆದ್ಮೇಲೆ.

ಆರು ಟ್ಯಾಕಲ್, ಒಂದು ಓವರ್ ಇದ್ದಂಗೆ

ಮೈದಾನ 100 ಮೀಟರ್ ಉದ್ದ, 68 ಮೀಟರ್ ಅಗಲ. ಮ್ಯಾಚ್ 80 ನಿಮಿಷ, ಮಧ್ಯ ಒಂದು ಬ್ರೇಕ್. ಬಾಲ್ ಹಿಡ್ಕೊಂಡು ಎದುರಾಳಿ ಕಡೆಯ ಗೆರೆ ದಾಟಿ ನೆಲಕ್ಕೆ ಮುಟ್ಟಿಸ್ಬೇಕು, ಗುರಿ ಅಷ್ಟೇ. ಆದ್ರೆ ಕೈಯಿಂದ ಬಾಲನ್ನ ಮುಂದಕ್ಕೆ ಎಸೆಯೋ ಹಂಗಿಲ್ಲ, ಪಕ್ಕಕ್ಕೋ ಹಿಂದಕ್ಕೋ ಮಾತ್ರ. ಮುಂದೆ ಹೋಗ್ಬೇಕಂದ್ರೆ ಒಂದೋ ಹಿಡ್ಕೊಂಡು ಓಡು, ಇಲ್ಲಾ ಕಾಲಲ್ಲಿ ಒದಿ.

ಓಡೋನನ್ನ ಎದುರಾಳಿಗಳು ತಬ್ಬಿ ಹಿಡಿದು ಕೆಡವೋದಕ್ಕೇ ಟ್ಯಾಕಲ್ ಅನ್ನೋದು. ಕಬಡ್ಡಿ ನೋಡಿದ ನಮಗೆ ಇದೇನು ಹೊಸದಲ್ಲ, ರೈಡರ್‌ನ ಸೊಂಟಕ್ಕೆ, ತೊಡೆಗೆ ಕೈ ಹಾಕಿ ಎಳೆಯೋದನ್ನ ನೋಡೇ ಬೆಳೆದೋರು ನಾವು. ವ್ಯತ್ಯಾಸ ಏನಂದ್ರೆ ಕಬಡ್ಡಿಲಿ ರೈಡರ್ ವಾಪಸ್ ಬರ್ಬೇಕು, ಇಲ್ಲಿ ಬರೋ ಮಾತೇ ಇಲ್ಲ. ಸಿಕ್ಕಿಬಿದ್ದೋನು ಔಟ್ ಕೂಡ ಆಗಲ್ಲ. ಎದ್ದು ನಿಂತು, ಬಾಲನ್ನ ಕಾಲ ಮುಂದೆ ಇಟ್ಟು, ಕಾಲಿಂದ ಹಿಂದಕ್ಕೆ ಉರುಳಿಸ್ತಾನೆ, ಹಿಂದೆ ಇರೋ ಅವನ ಟೀಮಿನೋನು ಎತ್ಕೊಂಡು ಆಟ ಮುಂದುವರಿಸ್ತಾನೆ. ಎದುರಾಳಿಗಳು ಅಷ್ಟರಲ್ಲಿ 10 ಮೀಟರ್ ಹಿಂದೆ ಸರೀಬೇಕು. ವಿಡಿಯೋದಲ್ಲಿ ಎಲ್ರೂ ಹಿಂದೆ ಓಡ್ತಿದ್ದದ್ದು ಇದಕ್ಕೇ, ಹೆದ್ರಿ ಅಲ್ಲ.

ಈಗ ಲೆಕ್ಕ. ಒಂದು ಟೀಮಿಗೆ ಇಂಥ ಆರು ಟ್ಯಾಕಲ್‌ವರೆಗೆ ಅವಕಾಶ, ಆರನೇದಕ್ಕೆ ಸಿಕ್ಕಿಬಿದ್ರೆ ಬಾಲ್ ಅಲ್ಲೇ ಎದುರಾಳಿ ಪಾಲು. ಕ್ರಿಕೆಟ್ ಓವರ್ ತರ ಅಂದ್ಕೊಳ್ಳಿ, ಆರು ಬಾಲ್ ಸಿಗುತ್ತೆ, ಅಷ್ಟರಲ್ಲಿ ಏನ್ ಮಾಡ್ತೀಯೋ ಮಾಡು. ಅದಕ್ಕೇ ಐದು ಟ್ಯಾಕಲ್ ಆದ್ಮೇಲೆ ಸಾಮಾನ್ಯವಾಗಿ ಬಾಲನ್ನ ದೂರಕ್ಕೆ ಒದ್ದು ಬಿಡ್ತಾರೆ, ಹೇಗೂ ಕೈತಪ್ಪುತ್ತೆ, ಎದುರಾಳಿಗೆ ಅವರ ಮನೆ ಬಾಗಿಲ ಹತ್ರಾನೇ ಸಿಗ್ಲಿ ಅಂತ. ಮೊದ್ಲು ಈ ಮಿತಿ ಇರ್ಲಿಲ್ಲ, ಬಾಲ್ ಸಿಕ್ಕ ಟೀಮು ಬಿಟ್ಟೇ ಕೊಡ್ತಿರ್ಲಿಲ್ಲ. 1967ರಲ್ಲಿ ನಾಲ್ಕು ಟ್ಯಾಕಲ್ ಅಂತ ತಂದ್ರು, ಆಮೇಲೆ ಆರು ಮಾಡಿದ್ರು.

ಇನ್ನೊಂದು ಪದ ನೆನಪಿಟ್ಕೊಳ್ಳಿ, ನಾಕ್ ಆನ್. ಬಾಲ್ ಹಿಡಿಯೋಕೆ ಹೋಗಿ ಕೈಯಿಂದ ಜಾರಿ ಮುಂದಕ್ಕೆ ಬಿದ್ರೆ ಅದು ತಪ್ಪು, ಬಾಲ್ ಎದುರಾಳಿಗೆ. ಕತೆ ಕೊನೇಲಿ ಇದು ಬರುತ್ತೆ.

ಪಾಯಿಂಟ್ ಹೆಂಗೆ ಬರುತ್ತೆ

ಗೆರೆ ದಾಟಿ ಬಾಲ್ ನೆಲಕ್ಕೆ ಮುಟ್ಟಿಸಿದ್ರೆ ಅದು ಟ್ರೈ, 4 ಪಾಯಿಂಟ್. ಟ್ರೈ ಅಂದ್ರೆ ಪ್ರಯತ್ನ ತಾನೇ, ಗೋಲ್ ಆದ್ಮೇಲೂ ಪ್ರಯತ್ನ ಅಂತ ಯಾಕೆ ಹೆಸರು ಅನ್ನಿಸ್ಬಹುದು. ಹಳೇ ಕಾಲದಲ್ಲಿ ನೆಲ ಮುಟ್ಟಿಸಿದ್ದಕ್ಕೆ ಪಾಯಿಂಟೇ ಇರ್ಲಿಲ್ಲ, ಗೋಲಿಗೆ ಒದೆಯೋಕೆ ಒಂದು ಪ್ರಯತ್ನ ಮಾತ್ರ ಸಿಗ್ತಿತ್ತು, ಹೆಸರು ಹಂಗೇ ಉಳ್ಕೊಂಡಿದೆ.

ಆ ಒದೆ ಈಗ್ಲೂ ಇದೆ, ಅದಕ್ಕೆ ಕನ್ವರ್ಷನ್ ಅಂತಾರೆ, 2 ಪಾಯಿಂಟ್. ಗೆರೆ ಮೇಲೆ ಎರಡು ಎತ್ತರದ ಕಂಬ, 5.5 ಮೀಟರ್ ಅಂತರ, ನೆಲದಿಂದ 3 ಮೀಟರ್ ಎತ್ತರಕ್ಕೆ ಒಂದು ಅಡ್ಡಪಟ್ಟಿ. ಆ ಪಟ್ಟಿ ಮೇಲಿಂದ ಎರಡು ಕಂಬದ ಮಧ್ಯೆ ಬಾಲ್ ಹೋಗ್ಬೇಕು. ಇಲ್ಲೊಂದು ಕಿತಾಪತಿ ಇದೆ. ಟ್ರೈ ಎಲ್ಲಿ ಹೊಡೆದ್ರೋ ಅದರ ನೇರಕ್ಕೇ ಹಿಂದೆ ಬಂದು ಒದೀಬೇಕು, ಎಷ್ಟು ಹಿಂದೆ ಬೇಕಾದ್ರೂ ಹೋಗ್ಬಹುದು, ಆದ್ರೆ ಪಕ್ಕಕ್ಕೆ ಸರಿಯೋ ಹಂಗಿಲ್ಲ. ಕಂಬದ ಕೆಳಗೆ ಟ್ರೈ ಹೊಡೆದಿದ್ರೆ ಎದುರಿಗೆ ನಿಂತು ಸಲೀಸಾಗಿ ಒದೀಬಹುದು. ಮೂಲೇಲಿ ಹೊಡೆದಿದ್ರೆ ಸೈಡ್‌ಲೈನ್ ಅಂಚಿಂದ ಒದೀಬೇಕು. ನಿಮ್ಮ ಮನೆ ಗೇಟನ್ನ ಎದುರಿಂದ ನೋಡಿ, ಕಾರು ಹೋಗೋವಷ್ಟು ಅಗಲ ಕಾಣುತ್ತೆ, ಅದೇ ಕಾಂಪೌಂಡ್ ಗೋಡೆಗೆ ಒರಗ್ಕೊಂಡು ದೂರದಿಂದ ನೋಡಿ, ಬೆಕ್ಕು ತೂರೋವಷ್ಟು ಸಂದಿ.

ಎದುರಾಳಿ ತಪ್ಪು ಮಾಡಿದಾಗ ಸಿಗೋ ಪೆನಾಲ್ಟಿ ಒದ್ದು ಗೋಲ್ ಆದ್ರೆ 2. ಆಟ ನಡೀತಿರುವಾಗ್ಲೇ ಬಾಲನ್ನ ನೆಲಕ್ಕೆ ಬೀಳಿಸಿ ಪುಟಿದ ತಕ್ಷಣ ಕಂಬದ ಮಧ್ಯಕ್ಕೆ ಒದ್ರೆ ಅದು ಡ್ರಾಪ್ ಗೋಲ್, 1 ಪಾಯಿಂಟ್. ದೂರದಿಂದ ಒದ್ರೆ 2 ಅಂತ 2021ರಿಂದ ಬದಲಾಗಿದೆ, ನಮ್ಮ ಕತೆ ನಡೆದಾಗ ಒಂದೇ.

ಎರಡು ಟೀಮು, ಎರಡು ಊರು

ಬ್ರಿಸ್ಬೇನ್ ಬ್ರಾಂಕೋಸ್ ಶ್ರೀಮಂತ ಟೀಮು. ಕ್ವೀನ್ಸ್‌ಲೆಂಡ್ ರಾಜ್ಯದ ರಾಜಧಾನಿ ಊರು, 2015ಕ್ಕೆ ಮೊದ್ಲೇ ಅಲಮಾರು ತುಂಬಾ ಕಪ್‌ಗಳು: 1992, 1993, 1997, 1998, 2000, 2006. ಆರು ಸಲ ಫೈನಲ್ ಆಡಿ ಆರೂ ಗೆದ್ದಿದ್ರು, ಅಲ್ಲಿವರೆಗೆ ಫೈನಲ್ ಸೋತು ಗೊತ್ತೇ ಇರ್ಲಿಲ್ಲ. ಆ ಆರಕ್ಕೂ ಕೋಚ್ ಆಗಿದ್ದ ವೇಯ್ನ್ ಬೆನೆಟ್ ಮಧ್ಯ ಬಿಟ್ಟು ಹೋಗಿ 2015ಕ್ಕೆ ವಾಪಸ್ ಬಂದಿದ್ರು.

ನಾರ್ತ್ ಕ್ವೀನ್ಸ್‌ಲೆಂಡ್ ಕೌಬಾಯ್ಸ್ ಅದೇ ರಾಜ್ಯದ ಉತ್ತರದ ಟೌನ್ಸ್‌ವಿಲ್ ಊರಿನೋರು, ಬ್ರಿಸ್ಬೇನ್‌ನಿಂದ ರಸ್ತೇಲಿ 1,300 ಕಿಲೋಮೀಟರಿಗೂ ಜಾಸ್ತಿ. ಕಬ್ಬಿನ ಗದ್ದೆ, ದನಗಳ ಫಾರ್ಮು, ಗಣಿ ಇರೋ ಸೀಮೆ. ಎಲ್ಲಾ ರಾಜಧಾನಿಗೇ ಹೋಗುತ್ತೆ, ನಮ್ಮ ಕಡೆ ಯಾರೂ ನೋಡಲ್ಲ ಅನ್ನೋ ಮಾತು ಅಲ್ಲೂ ಇದೆ, ನಮ್ಮ ಉತ್ತರ ಕರ್ನಾಟಕದೋರಿಗೆ ಇದನ್ನ ಬಿಡಿಸಿ ಹೇಳೋದು ಬೇಡ. 1995ರಲ್ಲಿ ಟೀಮು ಶುರುವಾಯ್ತು, ಮೊದಲ ವರ್ಷಾನೇ ಕೊನೇ ಸ್ಥಾನ. 2005ರಲ್ಲಿ ಒಮ್ಮೆ ಫೈನಲ್‌ಗೆ ಬಂದು ಸೋತ್ರು.

ಆಮೇಲೆ ಮೂರು ವರ್ಷ ನೋಡಿ. 2012ರ ನಾಕೌಟಲ್ಲಿ ಎದುರಾಳಿ ಕೈಗೆ ಬಾಲ್ ತಾಗಿದಂಗೆ ಕಂಡ್ರೂ ಟ್ರೈ ಕೊಟ್ರು, ಸೋತು ಮನೆಗೆ. 2013ರಲ್ಲಿ ರೆಫರಿಗಳು ಟ್ಯಾಕಲ್ ಎಣಿಸೋದ್ರಲ್ಲಿ ತಪ್ಪಿ ಎದುರಾಳಿಗೆ ಏಳನೇ ಟ್ಯಾಕಲ್ ಸಿಕ್ತು, ಅದ್ರಲ್ಲೇ ಅವರು ಟ್ರೈ ಹೊಡೆದ್ರು, ಕೌಬಾಯ್ಸ್ 20-18ಕ್ಕೆ ಸೋತ್ರು. ಓವರಲ್ಲಿ ಏಳನೇ ಬಾಲ್ ಹಾಕಿ ಅದಕ್ಕೆ ಸಿಕ್ಸ್ ಹೋದ್ರೆ ಹೆಂಗಿರುತ್ತೆ, ಹಂಗೆ. 2014ರಲ್ಲಿ 30-0 ಹಿಂದಿದ್ದೋರು 30-30 ಮಾಡಿ, ಆಮೇಲೆ ಒಂದು ಡ್ರಾಪ್ ಗೋಲಿಂದ 31-30ಕ್ಕೆ ಸೋತ್ರು, ಕೊನೇ ಗಳಿಗೇಲಿ ಹೊಡೆದ ಟ್ರೈನೂ ವಿಡಿಯೋ ನೋಡಿ ಕ್ಯಾನ್ಸಲ್ ಮಾಡಿದ್ರು. ಆ ಟ್ರೈ ಹೊಡೆದೋನು ಜೋನಾಥನ್ ಥರ್ಸ್ಟನ್.

ಇವನ ಬಗ್ಗೆ ಎರಡು ಮಾತು ಹೇಳ್ಲೇಬೇಕು. ಥರ್ಸ್ಟನ್ ಹುಟ್ಟಿದ್ದು ಬ್ರಿಸ್ಬೇನಲ್ಲೇ, ಆಸ್ಟ್ರೇಲಿಯಾದ ಮೂಲನಿವಾಸಿ ಸಮುದಾಯದೋನು. 2004ರಲ್ಲಿ ಸಿಡ್ನಿಯ ಬುಲ್‌ಡಾಗ್ಸ್ ಟೀಮಲ್ಲಿ ಚಾಂಪಿಯನ್ ಆಗಿದ್ದ, ಆದ್ರೆ ಗಾಯ ಆಗಿ ಆ ಫೈನಲ್ ಆಡೋಕಾಗದ ಕ್ಯಾಪ್ಟನ್ ಸ್ಟೀವ್ ಪ್ರೈಸ್‌ಗೆ ತನ್ನ ಗೆಲುವಿನ ಉಂಗುರ ಕೊಟ್ಬಿಟ್ಟ. ಮುಂದಿನ ವರ್ಷ ಕೌಬಾಯ್ಸ್‌ಗೆ ಬಂದ. ತಲೆಗೆ ಮೆತ್ತನೆ ಹೆಡ್‌ಗೇರ್ ಹಾಕ್ಕೊಂಡು ಆಡ್ತಿದ್ದ, ಮ್ಯಾಚ್ ಮುಗಿದ್ಮೇಲೆ ಅದನ್ನ ಬಿಚ್ಚಿ ಗ್ಯಾಲರೀಲಿರೋ ಯಾವುದಾದ್ರೂ ಮಗೂಗೆ ಕೊಟ್ಟು ಹೋಗ್ತಿದ್ದ.

ಫೈನಲ್‌ವರೆಗಿನ ದಾರಿ

ಆಗ ಟೂರ್ನಮೆಂಟಲ್ಲಿ 16 ಟೀಮು, ಒಬ್ಬೊಬ್ರಿಗೂ 24 ಮ್ಯಾಚು. ಮೇಲಿನ ಎಂಟು ಟೀಮು ನಾಕೌಟಿಗೆ. ಐಪಿಎಲ್‌ನಲ್ಲಿ ಮೊದಲ ಎರಡು ಟೀಮಿಗೆ ಸೋತ್ರೂ ಇನ್ನೊಂದು ಚಾನ್ಸ್ ಇರುತ್ತಲ್ಲ, ಇಲ್ಲಿ ಮೊದಲ ನಾಲ್ಕಕ್ಕೆ ಅದು ಇದೆ. ಮೊದಲ ವಾರ ಒಂದನೇದು ನಾಲ್ಕರ ಜೊತೆ, ಎರಡನೇದು ಮೂರರ ಜೊತೆ ಆಡ್ತವೆ. ಗೆದ್ದೋರಿಗೆ ಒಂದು ವಾರ ರಜಾ, ಆಮೇಲೆ ನೇರ ಸೆಮಿಫೈನಲ್ ಥರದ ಮ್ಯಾಚು. ಸೋತೋರು ಮನೆಗೆ ಹೋಗಲ್ಲ, ಕೆಳಗಿನ ನಾಲ್ಕರಲ್ಲಿ ಬದುಕುಳಿದೋರ ಜೊತೆ ಮತ್ತೆ ಆಡ್ಬೇಕು. ಐದರಿಂದ ಎಂಟರವರೆಗಿನೋರಿಗೆ ಸೋಲಂದ್ರೆ ಗಂಟುಮೂಟೆ ಕಟ್ಟೋದೇ.

ಕೌಬಾಯ್ಸ್ 2015ರ ಸೀಸನ್ನಲ್ಲಿ ಮೊದಲ ಮೂರೂ ಮ್ಯಾಚ್ ಸೋತ್ರು, ಮೂರನೇದ್ರಲ್ಲಿ ಬ್ರಾಂಕೋಸ್ ಕೈಲೇ 44-22ಕ್ಕೆ ಒದೆ ತಿಂದ್ರು. ಅಲ್ಲಿಂದ ಸತತ 11 ಗೆಲುವು. ಲೀಗ್ ಹಂತ ಮುಗಿದಾಗ ಸಿಡ್ನಿ ರೂಸ್ಟರ್ಸ್ ಒಂದು, ಬ್ರಾಂಕೋಸ್ ಎರಡು, ಕೌಬಾಯ್ಸ್ ಮೂರು, ಮೆಲ್ಬರ್ನ್ ಸ್ಟಾರ್ಮ್ ನಾಲ್ಕು. ಅಂದ್ರೆ ಮೊದಲ ವಾರಾನೇ ಇವೆರಡು ಮುಖಾಮುಖಿ.

ಬ್ರಿಸ್ಬೇನಲ್ಲಿ ನಡೆದ ಆ ಮ್ಯಾಚಲ್ಲಿ ಬ್ರಾಂಕೋಸ್ 16-12ಕ್ಕೆ ಗೆದ್ರು, ಒಂದು ವಾರ ಕಾಲು ಚಾಚಿ ಕೂತ್ರು, ಆಮೇಲೆ ತಮ್ಮೂರಲ್ಲೇ ರೂಸ್ಟರ್ಸ್‌ನ 31-12ಕ್ಕೆ ಮುಗಿಸಿದ್ರು. ಸೋತ ಕೌಬಾಯ್ಸ್ ದಾರಿ ಉದ್ದ ಆಯ್ತು. ಎರಡನೇ ವಾರ ಕ್ರೊನುಲ್ಲಾ ಶಾರ್ಕ್ಸ್ ಸಿಕ್ರು, 2013ರಲ್ಲಿ ಆ ಏಳನೇ ಟ್ಯಾಕಲ್ ಲಾಭ ಪಡೆದಿದ್ದೋರು ಇವರೇ. 39-0. ಬಾಕಿ ಬಡ್ಡಿ ಸಮೇತ ಚುಕ್ತಾ. ಮೂರನೇ ವಾರ ಮೆಲ್ಬರ್ನ್‌ಗೇ ಹೋಗಿ ಸ್ಟಾರ್ಮ್‌ನ 32-12ಕ್ಕೆ ಸೋಲಿಸಿದ್ರು. ಫೈನಲ್‌ನ ಎರಡೂ ಟೀಮು ಕ್ವೀನ್ಸ್‌ಲೆಂಡ್‌ನವೇ ಆಗಿದ್ದು ಅದೇ ಮೊದ್ಲು, ಫೈನಲ್ ನಡೆದಿದ್ದು ಮಾತ್ರ ಪಕ್ಕದ ರಾಜ್ಯದ ಸಿಡ್ನಿಲಿ. 2015ರ ಅಕ್ಟೋಬರ್ 4, ಸ್ಟೇಡಿಯಂನಲ್ಲಿ 82,758 ಜನ.

ಆ ರಾತ್ರಿ ಏನಾಯ್ತು

ಮೊದಲಾರ್ಧ ಜೋರಾಗಿತ್ತು, ಎರಡೂ ಕಡೆ ಎರಡೆರಡು ಟ್ರೈ, ಎರಡೆರಡು ಕನ್ವರ್ಷನ್, ಬ್ರಾಂಕೋಸ್‌ಗೆ ಒಂದು ಪೆನಾಲ್ಟಿ ಜಾಸ್ತಿ, 14-12. ಎರಡನೇ ಅರ್ಧ ಬಿಗಿಯಾಯ್ತು. ಬ್ರಾಂಕೋಸ್ ಇನ್ನೊಂದು ಪೆನಾಲ್ಟಿ ಒದ್ದು 16-12 ಮಾಡ್ಕೊಂಡು ಬಾಗಿಲು ಹಾಕ್ಕೊಂಡ್ರು, ಕೌಬಾಯ್ಸ್ ಎಷ್ಟು ಗುದ್ದಿದ್ರೂ ತೆಗೀತಿಲ್ಲ. ನಾಲ್ಕು ಪಾಯಿಂಟ್ ಅಂತರ ಅಂದ್ರೆ ಲೆಕ್ಕ ಹಾಕಿ: ಒಂದು ಟ್ರೈ ಹೊಡೆದ್ರೆ ಸಮ, ಅದರ ಕನ್ವರ್ಷನ್ನೂ ಆದ್ರೆ ಗೆಲುವು.

ಗಡಿಯಾರದಲ್ಲಿ ಉಳಿದಿರೋದು ಸೆಕೆಂಡ್‌ಗಳು, ಟ್ಯಾಕಲ್ ಲೆಕ್ಕಾನೂ ಮುಗೀತಾ ಬಂದಿದೆ. ಥರ್ಸ್ಟನ್ ಅತ್ತಿತ್ತ ಹೆಜ್ಜೆ ಹಾಕಿ ಬಾಲನ್ನ ಬಲಗಡೆ ಮೈಕಲ್ ಮಾರ್ಗನ್‌ಗೆ ಕೊಟ್ಟ. ಮಾರ್ಗನ್ ಓಡಿದ, ಬ್ರಾಂಕೋಸ್‌ನೋರು ಅವನ ಮೇಲೆ ಮುಗಿಬಿದ್ರು, ಬೀಳೋ ಹೊತ್ತಲ್ಲಿ ಅವನು ಬೆನ್ನ ಹಿಂದಿನಿಂದ ಬಾಲನ್ನ ಹಂಗೇ ಚಿಮ್ಮಿಸಿಬಿಟ್ಟ. ಅಂಚಲ್ಲಿ ಕಾಯ್ತಿದ್ದ ಕೈಲ್ ಫೆಲ್ಟ್ ಅದನ್ನ ಹಿಡಿದು ಮೂಲೇಲಿ ಹಾರಿ ನೆಲಕ್ಕೆ ಒತ್ತಿದ. ಸೈರನ್ ಹೊಡೀತು. 16-16. ಹಿಂದಕ್ಕೇ ಎಸೀಬೇಕು ಅನ್ನೋ ರೂಲ್ ಇಲ್ದಿದ್ರೆ ಆ ಪಾಸ್‌ಗೆ ಏನೂ ಬೆಲೆ ಇರ್ತಿರ್ಲಿಲ್ಲ, ಆ ರೂಲ್ ಯಾಕಿದೆ ಅಂತ ಕೇಳೋರಿಗೆಲ್ಲ ನಾನು ಈ ಒಂದು ಪಾಸ್ ತೋರಿಸ್ತೀನಿ.

ಟೈಮ್ ಮುಗಿದ್ರೂ ಕನ್ವರ್ಷನ್ ಒದೆಯೋ ಹಕ್ಕು ಇರುತ್ತೆ. ಆದ್ರೆ ಟ್ರೈ ಬಿದ್ದಿದ್ದು ಮೂಲೇಲಿ, ಅಂದ್ರೆ ಥರ್ಸ್ಟನ್ ಸೈಡ್‌ಲೈನ್ ಅಂಚಿಂದ ಒದೀಬೇಕು, ಗೇಟಿನ ಸಂದಿ ನೆನಪಿದೆಯಲ್ಲ. 20 ವರ್ಷದಿಂದ ಕಪ್ ಇಲ್ಲದ ಟೀಮು, ಒಂದು ಒದೆ, ಹೋದ್ರೆ ಚಾಂಪಿಯನ್. ಬಾಲ್ ಚೆನ್ನಾಗೇ ಹಾರಿತು, ಒಳಗೆ ಹೋಗೇ ಹೋಯ್ತು ಅನ್ಕೊಳ್ಳೋಷ್ಟರಲ್ಲಿ ಕಂಬಕ್ಕೆ ಬಡಿದು ವಾಪಸ್ ಬಂತು. ಥರ್ಸ್ಟನ್ ಅಲ್ಲೇ ಕುಸಿದ. ನಾನು ಯೂಟ್ಯೂಬಲ್ಲಿ ನೋಡಿದ್ದು, ರಿಸಲ್ಟ್ ಗೊತ್ತಿದ್ದೂ ಎದೆ ಧಸಕ್ ಅಂತು.

ಗೋಲ್ಡನ್ ಪಾಯಿಂಟ್

ಸಮ ಆದ್ರೆ ಎಕ್ಸ್‌ಟ್ರಾ ಟೈಮ್, ಅದ್ರಲ್ಲಿ ಯಾರು ಮೊದ್ಲು ಒಂದು ಪಾಯಿಂಟ್ ಗಳಿಸ್ತಾರೋ ಅವರೇ ವಿನ್ನರ್, ಮ್ಯಾಚ್ ಅಲ್ಲಿಗೇ ಬಂದ್. ಇದಕ್ಕೆ ಗೋಲ್ಡನ್ ಪಾಯಿಂಟ್ ಅಂತಾರೆ. ಇಲ್ಲಿ ಡ್ರಾಪ್ ಗೋಲಿನ ಬೆಲೆ ಉಲ್ಟಾ ಆಗ್ಬಿಡುತ್ತೆ: 80 ನಿಮಿಷ ಚಿಲ್ಲರೆ ಕಾಸು ಅಂತ ಬಿಟ್ಟಿದ್ದ 1 ಪಾಯಿಂಟು ಈಗ ಟ್ರೈಗೆ ಸಮ. ಯಾವ ಟೀಮು ಕಂಬದ ಹತ್ರ ಮೊದ್ಲು ಬಾಲ್ ತಂದು ಒದೆಯುತ್ತೋ ಅದಕ್ಕೇ ಲಾಭ, ಹಾಗಾಗಿ ಮೊದ್ಲು ಬಾಲ್ ಕೈಗೆ ಸಿಗೋದೇ ಅರ್ಧ ಗೆಲುವು.

ಕೌಬಾಯ್ಸ್ ಕಿಕ್‌ಆಫ್ ಮಾಡಿದ್ರು. ಬಾಲ್ ಎತ್ತರಕ್ಕೆ ಹೋಗಿ ಬ್ರಾಂಕೋಸ್‌ನ ಬೆನ್ ಹಂಟ್ ಕಡೆ ಇಳೀತು. ಅವನು ಆ ವರ್ಷದ ಒಳ್ಳೇ ಆಟಗಾರರಲ್ಲಿ ಒಬ್ಬ, ಇಂಥ ಬಾಲ್ ಸಾವಿರ ಹಿಡಿದಿರ್ತಾನೆ. ಇದೊಂದು ಕೈಯಿಂದ ಜಾರ್ತು. ನಾಕ್ ಆನ್. ಬಾಲ್ ಕೌಬಾಯ್ಸ್‌ಗೆ, ಅದೂ ಬ್ರಾಂಕೋಸ್ ಕಂಬದ ಸಮೀಪಾನೇ. ಅವರು ಆತುರ ಪಡ್ಲಿಲ್ಲ, ಒಂದೊಂದೇ ಟ್ಯಾಕಲ್ ತಗೊಂಡು ಬಾಲನ್ನ ಕಂಬದ ಎದುರಿಗೆ ತಂದ್ರು, ಥರ್ಸ್ಟನ್ ಹಿಂದೆ ನಿಂತಿದ್ದ, ಬಾಲ್ ಬಂತು, ನೆಲಕ್ಕೆ ಬೀಳಿಸಿ ಒದ್ದ. 17-16. ಮ್ಯಾಚಿನ ಬೆಸ್ಟ್ ಆಟಗಾರನಿಗೆ ಕೊಡೋ ಕ್ಲೈವ್ ಚರ್ಚಿಲ್ ಮೆಡಲ್ ಅವನಿಗೇ ಹೋಯ್ತು. ಫೈನಲ್ ಒಂದು ಗೋಲ್ಡನ್ ಪಾಯಿಂಟಲ್ಲಿ ತೀರ್ಮಾನ ಆಗಿದ್ದು ಅದೇ ಮೊದ್ಲು.

ಗೆದ್ದೋರಿಗೆ ಕೊಡೋ ಟ್ರೋಫಿ ಸಾಮಾನ್ಯ ಕಪ್ ತರ ಇರಲ್ಲ, ಕಂಚಿನ ಬಣ್ಣದ ಎರಡು ಆಳುಗಳು ಹೆಗಲ ಮೇಲೆ ಕೈ ಹಾಕ್ಕೊಂಡು ನಿಂತಿರೋ ಮೂರ್ತಿ, ಒಬ್ಬ ಉದ್ದ, ಒಬ್ಬ ಗಿಡ್ಡ. 1963ರ ಫೈನಲ್ ಮುಗಿದ್ಮೇಲೆ ಮೈಯೆಲ್ಲಾ ಕೆಸರಾಗಿದ್ದ ಗೆದ್ದ ಕ್ಯಾಪ್ಟನ್ ನಾರ್ಮ್ ಪ್ರೊವನ್, ಸೋತ ಕ್ಯಾಪ್ಟನ್ ಆರ್ಥರ್ ಸಮ್ಮನ್ಸ್ ಹಿಂಗೆ ನಿಂತಿದ್ದಾಗ ತೆಗೆದ ಫೋಟೋದಿಂದ ಮಾಡಿದ್ದು. ಸೋತೋನೂ ಟ್ರೋಫೀಲಿ ಇರೋದು ನಂಗೆ ಬೇರೆ ಯಾವ ಆಟದಲ್ಲೂ ನೆನಪಿಗೆ ಬರ್ತಿಲ್ಲ.

ನಾಕೌಟ್‌ಗಳಿಗೆ ಗೋಲ್ಡನ್ ಪಾಯಿಂಟ್ ರೂಲನ್ನ 2016ರಿಂದ ಬದಲಾಯಿಸಿದ್ರು. ಈಗ ಸಮ ಆದ್ರೆ ಮೊದ್ಲು ಐದೈದು ನಿಮಿಷದ ಎರಡು ಭಾಗ ಪೂರ್ತಿ ಆಡ್ಬೇಕು, ಆಮೇಲೂ ಸಮ ಇದ್ರೆ ಮಾತ್ರ ಗೋಲ್ಡನ್ ಪಾಯಿಂಟ್. ಒಂದು ಬಾಲ್ ಜಾರಿದ ಕೂಡ್ಲೇ ಒಂದು ವರ್ಷದ ಕೆಲಸ ಹೋಗೋದು ತಪ್ಪುತ್ತೆ.

ಹಂಟ್ ಕತೆ ಏನಾಯ್ತು

ಹಂಟ್ 2018ರಲ್ಲಿ ಬ್ರಾಂಕೋಸ್ ಬಿಟ್ಟು ಇನ್ನೊಂದು ಟೀಮಿಗೆ ಹೋದ. ಎಲ್ಲಿ ಹೋದ್ರೂ ಆ ಜಾರಿದ ಬಾಲಿನ ವಿಡಿಯೋ ಅವನ ಬೆನ್ನಿಗೇ ಇತ್ತು. 2025ಕ್ಕೆ ಬ್ರಾಂಕೋಸ್‌ಗೆ ವಾಪಸ್ ಬಂದ, ವಯಸ್ಸು 35.

ಆ ವರ್ಷ ಬ್ರಾಂಕೋಸ್ ನಾಲ್ಕನೇ ಸ್ಥಾನ, ಹಾಗಾಗಿ ನಾಕೌಟಿನ ಮೊದಲ ವಾರ ಒಂದನೇ ಸ್ಥಾನದ ಕ್ಯಾನ್‌ಬೆರಾ ರೈಡರ್ಸ್ ಜೊತೆ ಅವರೂರಲ್ಲೇ ಮ್ಯಾಚು. 28-12 ಹಿಂದೆ ಬಿದ್ದಿದ್ದೋರು 28-28 ಮಾಡಿದ್ರು. ಹೊಸ ರೂಲಿನ ಹತ್ತು ನಿಮಿಷ ಆಡಿದ್ರು, ಸಮಾನೇ. ಮತ್ತೆ ಗೋಲ್ಡನ್ ಪಾಯಿಂಟ್. 94ನೇ ನಿಮಿಷದಲ್ಲಿ ಡ್ರಾಪ್ ಗೋಲ್ ಒದ್ದು 29-28 ಮಾಡಿದ್ದು ಬೆನ್ ಹಂಟ್. ಎರಡು ವಾರ ಆದ್ಮೇಲೆ ಪೆನ್‌ರಿತ್ ಎದುರು 14-0 ಹಿಂದಿದ್ದು 16-14ಕ್ಕೆ ಗೆದ್ರು. ಫೈನಲಲ್ಲಿ ಮೆಲ್ಬರ್ನ್ ಬ್ರೇಕಿಗೆ 22-12 ಮುಂದಿತ್ತು, ಮುಗಿದಾಗ 26-22, ಬ್ರಾಂಕೋಸ್ ಪರವಾಗಿ. ಹಂಟ್ ಆ ಫೈನಲ್ ಆಡಿದ್ದ.

ನಮ್ಮ ಹುಡುಗ ಗ್ರೂಪಿಗೆ ಹಾಕಿದ್ದು ಆ ಮ್ಯಾಚಿನ ವಿಡಿಯೋನೇ. ದೊಡ್ಡಪ್ಪಂಗೆ ಇದನ್ನೆಲ್ಲ ಫೋನಲ್ಲಿ ಮುಕ್ಕಾಲು ಗಂಟೆ ಹೇಳಿದೆ, ಎಲ್ಲಾ ಕೇಳಿಸ್ಕೊಂಡು ಅವರು ಕೇಳಿದ್ದು ಒಂದೇ, "ಆ ಉಂಗುರ ಕೊಟ್ಬಿಟ್ಟಿದ್ನಲ್ಲ, ಅವನಿಗೆ ಬೇರೆ ಉಂಗುರ ಸಿಕ್ತು ತಾನೇ?"